ಯಾರಿಗಾದರೂ ನೋವಾಗಿದ್ದರೆ

ಈ ವಾರದ ರಾಜಕೀಯ ಬಾಯಿಜಗಳವೂ ಮುಗಿಯಿತು. ಒಬ್ಬರು ಬಾಯಿ ಹರಿಬಿಟ್ಟರು, ಇನ್ನೊಬ್ಬರು ಕಿಡಿ ಕಾರಿದರು, ಮೂರನೆಯವರು ಟಾಂಗ್ ಕೊಟ್ಟರು, ಮೊದಲಿನವರು ತಿರುಗೇಟು ನೀಡಿದರು. ಯಾರು, ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಹೆಸರು ಬದಲಾಯಿಸಿಕೊಂಡು ಹೋದ ವಾರದ ಪೇಪರ್ ಓದಿದರೂ ನಡೆಯುತ್ತದೆ.

‘ವಿರೋಧಿ’ ಎಂಬ ಪ್ರತ್ಯಯ ನಮ್ಮ ವ್ಯಾಕರಣಕ್ಕೆ ರಾಜಕೀಯ ಪಕ್ಷಗಳು ಕೊಟ್ಟ ಕಾಣಿಕೆ. ಹಿಂದೂ, ದಲಿತ, ಅಲ್ಪಸಂಖ್ಯಾತ, ಲಿಂಗಾಯತ, ಸಂವಿಧಾನ, ಕನ್ನಡ, ಯಾವ ಪದದ ಬಾಲಕ್ಕೆ ಹಚ್ಚಿದರೂ ಅಂಟುತ್ತದೆ. ಸಂಧಿಕಾರ್ಯವಿಲ್ಲ, ಲಿಂಗಭೇದವಿಲ್ಲ, ಪುರಾವೆಯಂತೂ ಬೇಡವೇ ಬೇಡ. ಬೆಳಗ್ಗೆ ಹನ್ನೊಂದರ ಸುದ್ದಿಗೋಷ್ಠಿಯಲ್ಲಿ ಒಬ್ಬರು ಎದುರಾಳಿಯನ್ನು ‘ದಲಿತ ವಿರೋಧಿ’ ಎಂದರೆ, ಮಧ್ಯಾಹ್ನ ಊಟದೊಳಗೆ ಆ ಕಡೆಯಿಂದ ‘ಹಿಂದೂ ವಿರೋಧಿ’ ಬಂದಿರುತ್ತದೆ. ‘ಜಾತಿವಾದಿ’ ಮಾತ್ರ ಎರಡೂ ಕಡೆಗೆ ಹೋಗುವ ಶಟಲ್ ಬಸ್ಸು. ಅದನ್ನು ಹತ್ತುವವರೇ ಟಿಕೆಟ್ ಹಂಚಿಕೆಯ ದಿನ ವರದಿಗಾರರ ಕೈಗೆ ಪಟ್ಟಿ ಕೊಡುತ್ತಾರೆ: ಲಿಂಗಾಯತರು ಇಷ್ಟು, ಒಕ್ಕಲಿಗರು ಇಷ್ಟು, ಕುರುಬರು ಇಷ್ಟು. ಜಾತಿ, ಧರ್ಮದ ಹೆಸರಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿಯಲ್ಲೇ ಹೇಳಿದೆ. ಅದೂ 4-3ರಲ್ಲಿ. ಪಟ್ಟಿಯಲ್ಲಿ ‘ಮತ ಕೊಡಿ’ ಎಂದು ಎಲ್ಲೂ ಬರೆದಿರುವುದಿಲ್ಲ, ನೋಡಿ.

ಆರೋಪದ ನಂತರದ ಹಂತ ಪ್ರತಿಕೃತಿ ದಹನ. ಈ ಕಲೆಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಎರಡು ಬಿದಿರಿನ ಗಳ, ಅಡ್ಡ ಒಂದು, ಉದ್ದ ಒಂದು. ಒಂದು ಹೊರೆ ಭತ್ತದ ಹುಲ್ಲು, ಚೆನ್ನಾಗಿ ಒಣಗಿದ್ದು. ಹಿಂದಿನ ರಾತ್ರಿ ಮಳೆ ಬಂದು ಹುಲ್ಲು ನೆಂದಿದ್ದರೆ ಬರೀ ಹೊಗೆ ಏಳುತ್ತದೆ, ಧಿಕ್ಕಾರ ಕೂಗುವವರೇ ಕೆಮ್ಮುತ್ತಾರೆ. ಮೇಲೆ ಹಳೇ ಬಿಳಿ ಅಂಗಿ, ಹತ್ತಿಯದಾದರೆ ಒಳ್ಳೆಯದು. ಪಾಲಿಯೆಸ್ಟರ್ ಕರಗಿ ಕೈಗೆ ಮೆತ್ತಿಕೊಳ್ಳುತ್ತದೆ. ತಲೆಗೆ ಗೋಣಿಚೀಲದ ತುಂಡು, ಮುಖಕ್ಕೆ ಕಾಗದದ ಕಲರ್ ಪ್ರಿಂಟ್. ಫ್ಲೆಕ್ಸ್ ಬೇಡ. ಅದು ಉರಿಯುವ ಬದಲು ಸುರುಟಿಕೊಳ್ಳುತ್ತದೆ, ಆಮೇಲೆ ಫೋಟೊದಲ್ಲಿ ಯಾರ ಮುಖವೆಂದೇ ತಿಳಿಯುವುದಿಲ್ಲ. ಮೊದಲು ಸೀಮೆಎಣ್ಣೆ ಇತ್ತು, ನಿಧಾನಕ್ಕೆ ಹತ್ತಿ ನಿಧಾನಕ್ಕೆ ಉರಿಯುತ್ತಿತ್ತು, ಘೋಷಣೆಗೆ ಪುರುಸೊತ್ತು ಸಿಗುತ್ತಿತ್ತು. ಅದು ಅಪರೂಪವಾದ ಮೇಲೆ ಪೆಟ್ರೋಲ್ ಬಂದಿದೆ. ಪೆಟ್ರೋಲ್ ಆವಿಯಾಗಿ ಸುತ್ತ ಹರಡಿರುತ್ತದೆ. ಕಡ್ಡಿ ಗೀರಿದ ಕ್ಷಣವೇ ಭುಗ್ಗೆಂದು ಹತ್ತಿ, ನಾಯಕನ ಪ್ರತಿಕೃತಿಗಿಂತ ಮೊದಲು ಕಾರ್ಯಕರ್ತನ ಹುಬ್ಬು ಹೋಗುತ್ತದೆ.

ಇನ್ನು ಪೊಲೀಸರು. ಅವರು ಹತ್ತು ಸೆಕೆಂಡಿನಲ್ಲಿ ಕಿತ್ತುಕೊಂಡು ನೀರು ಸುರಿಯುತ್ತಾರೆ. ಆದ್ದರಿಂದ ಅನುಭವಸ್ಥರು ಎರಡು ಮಾಡಿಸುತ್ತಾರೆ. ಒಂದು ಪೊಲೀಸರು ಕಿತ್ತುಕೊಳ್ಳುವುದಕ್ಕೆ, ಇನ್ನೊಂದು ಪಕ್ಕದ ಗಲ್ಲಿಯಲ್ಲಿ ಆಟೋದೊಳಗೆ, ಕ್ಯಾಮೆರಾ ಬರುವುದು ತಡವಾದರೆ ಬೇಕಾಗುತ್ತದೆ ಎಂದು. ಬೆಂಗಳೂರಿನಲ್ಲಾದರೆ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ, ಅದೂ ಹಳೇ ಸೆಂಟ್ರಲ್ ಜೈಲಿನ ಆವರಣ. ಬೇರೆ ಊರುಗಳಲ್ಲಿ ಡಿಸಿ ಕಚೇರಿ ಮುಂದಿನ ಸರ್ಕಲ್. ಮರುದಿನ ಬೆಳಗಿನ ಜಾವ ಆ ಬೂದಿ ಗುಡಿಸುವ ಪೌರಕಾರ್ಮಿಕರು ಯಾವ ಕೇರಿಯಿಂದ ಬರುತ್ತಾರೆ ಎಂದು ‘ದಲಿತ ವಿರೋಧಿ’ ಎಂದು ಕೂಗಿದವರೂ ಕೇಳುವುದಿಲ್ಲ, ಕೂಗಿಸಿಕೊಂಡವರೂ ಕೇಳುವುದಿಲ್ಲ.

ಬೂದಿ ಆರಿದ ಮೇಲೆ ದೂರು. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸಿದ್ದಕ್ಕೆ ಮೊದಲು ಭಾರತೀಯ ದಂಡ ಸಂಹಿತೆಯ ಕಲಂ 153ಎ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 196. ಎಫ್‌ಐಆರ್ ಹಾಕಲು ಯಾರ ಅಪ್ಪಣೆಯೂ ಬೇಡ, ಅದಕ್ಕೇ ಇಷ್ಟೊಂದು ಬೀಳುತ್ತವೆ. ಆದರೆ ಕೋರ್ಟು ಪ್ರಕರಣವನ್ನು ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಆ ಅನುಮತಿಯ ಕಲಮಿನ ಸಂಖ್ಯೆಯೇ 196 ಆಗಿತ್ತು, ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈಗ ಅದು 217. ಬೀಗದ ನಂಬರನ್ನು ಕಳ್ಳತನಕ್ಕೆ ಕೊಟ್ಟು, ಬೀಗಕ್ಕೆ ಹೊಸ ನಂಬರು ಕೊಟ್ಟಿದ್ದಾರೆ. ಕೀಲಿ ಮಾತ್ರ ಮೊದಲಿನಂತೆಯೇ ಅಧಿಕಾರದಲ್ಲಿರುವವರ ಸೊಂಟದಲ್ಲಿ.

ಇಷ್ಟನ್ನೂ ದಾಟಿ ಉಳಿದದ್ದಕ್ಕೆ ‘ಪ್ರಕರಣ ವಾಪಸ್’ ಎಂಬ ಸೌಲಭ್ಯವಿದೆ. 2020ರ ಆಗಸ್ಟ್‌ನಲ್ಲಿ ಬಿಜೆಪಿ ಸರ್ಕಾರ ಸಚಿವರು, ಶಾಸಕರ ಮೇಲಿನವೂ ಸೇರಿ 61 ಪ್ರಕರಣ ಹಿಂಪಡೆಯಲು ಆದೇಶ ಹೊರಡಿಸಿತು. ಡಿಸೆಂಬರ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸಂಪುಟ, 2022ರ ಹಳೇ ಹುಬ್ಬಳ್ಳಿ ಗಲಭೆಯೂ ಸೇರಿ 43 ಪ್ರಕರಣ ಹಿಂಪಡೆಯಲು ನಿರ್ಧರಿಸಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಎರಡು ಸಲವೂ ವಿರೋಧ ಪಕ್ಷದಲ್ಲಿದ್ದವರು ‘ಓಲೈಕೆ’, ‘ಸ್ವಜನ ರಕ್ಷಣೆ’ ಎಂದು ಗುಡುಗಿದರು. ಪಾತ್ರ ಬದಲು, ಸಂಭಾಷಣೆ ಅದೇ.

ಇಲ್ಲಿಗೆ ನಗು ಸಾಕಾಯಿತು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸಜೀವ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಎಲ್ಲ ಆರೋಪಿಗಳೂ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದದ್ದು ನಿಜ, ಸುಟ್ಟವರು ಮಾತ್ರ ಯಾರೂ ಇಲ್ಲ. ಅದೇ 2014ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ದಲಿತರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಮತ್ತು ಅದರ ನಿಯಮಗಳ ಈಗಿನ ರೂಪದ ಪ್ರಕಾರ ಡಿವೈಎಸ್‌ಪಿ ದರ್ಜೆಯ ಅಧಿಕಾರಿ 60 ದಿನದಲ್ಲಿ ತನಿಖೆ ಮುಗಿಸಬೇಕು, ಆರೋಪಪಟ್ಟಿ ಬಿದ್ದ ಎರಡು ತಿಂಗಳಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ವಿಚಾರಣೆ ಮುಗಿಯಬೇಕು. ಮರಕುಂಬಿಯ ತೀರ್ಪು ಬಂದದ್ದು 2024ರ ಅಕ್ಟೋಬರ್‌ನಲ್ಲಿ, ಹತ್ತು ವರ್ಷದ ಮೇಲೆ. ಈ ಹತ್ತು ವರ್ಷದಲ್ಲಿ ಸರ್ಕಾರ ಎಷ್ಟು ಸಲ ಬದಲಾಯಿತು, ಎಷ್ಟು ಮಂದಿ ಎಷ್ಟು ಮಂದಿಯನ್ನು ದಲಿತ ವಿರೋಧಿ ಎಂದರು, ಲೆಕ್ಕ ಇಟ್ಟವರುಂಟೆ? ಆ ಬಾಯಿಗಳಲ್ಲಿ ಒಂದಾದರೂ ಕೊಪ್ಪಳದ ಕೋರ್ಟಿನ ಕಾರಿಡಾರಿನಲ್ಲಿ ಬಂದು ಕೂತು, ಸಾಕ್ಷಿ ಹೇಳುವವರಿಗೆ ‘ಹೆದರಬೇಡಿ’ ಎಂದಿದ್ದರೆ ಸಾಕಿತ್ತು.

ಇರಲಿ. ಈ ವಾರದವರು ಆಗಲೇ ವಿಷಾದಿಸಿದ್ದಾರೆ: ‘ನನ್ನ ಹೇಳಿಕೆಯನ್ನು ತಿರುಚಲಾಗಿದೆ, ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ.’ ‘ತಿರುಚಲಾಗಿದೆ’ ಎಂಬಲ್ಲಿ ತಿರುಚಿದವರು ಯಾರೆಂದಿಲ್ಲ, ‘ಯಾರಿಗಾದರೂ’ ಎಂಬಲ್ಲಿ ನೊಂದವರು ಯಾರೆಂದಿಲ್ಲ, ‘ದ್ದರೆ’ ಎಂಬಲ್ಲಿ ನೋವೇ ಇಲ್ಲ. ‘ನೋವಾಗಿದೆ’ ಎಂದು ಬರೆದುಕೊಟ್ಟರೆ ಅದು ನಾಳೆ ಕೋರ್ಟಿನಲ್ಲಿ ತಪ್ಪೊಪ್ಪಿಗೆಯಂತೆ ಓದಿಸಿಕೊಳ್ಳಬಹುದು. ಆ ‘ದ್ದರೆ’ಯನ್ನು ವಕೀಲರೇ ಪೆನ್ಸಿಲ್‌ನಲ್ಲಿ ಸೇರಿಸಿಕೊಟ್ಟಿರುತ್ತಾರೆ.