ಹರಿಕೇನ್ ಬರುವ ಮುನ್ನ ಮನೆ ಬಿಡದವರು: ಅವರ ನಿರ್ಧಾರ ಸಮರ್ಥನೀಯವೇ?

ಪರ

ಅಮೆರಿಕದ ಗಲ್ಫ್ ಮತ್ತು ಅಟ್ಲಾಂಟಿಕ್ ಕರಾವಳಿಗೆ ದೊಡ್ಡ ಹರಿಕೇನ್ (ಚಂಡಮಾರುತ) ಅಪ್ಪಳಿಸಿದಾಗಲೆಲ್ಲ, ಸತ್ತವರ ಲೆಕ್ಕ ಸಿಗುವ ಮೊದಲೇ, ‘ಆದೇಶ ಬಂದಿತ್ತಲ್ಲ, ಇವರೇಕೆ ಹೊರಡಲಿಲ್ಲ’ ಎಂಬ ಪ್ರಶ್ನೆ ಏಳುತ್ತದೆ. ಕೇಳುವ ಧಾಟಿಯಲ್ಲೇ ಉತ್ತರವೂ ಅಡಗಿರುತ್ತದೆ: ಉಳಿದವರು ಹಟಮಾರಿಗಳು, ತಿಳಿವಳಿಕೆ ಇಲ್ಲದವರು, ತಮ್ಮ ಗತಿಗೆ ತಾವೇ ಹೊಣೆಗಾರರು. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಉಳಿದವರಲ್ಲಿ ಅನೇಕರು ತಮ್ಮ ಮುಂದಿದ್ದ ಎರಡು ಅಪಾಯಗಳನ್ನು ತೂಗಿ ನೋಡಿ ಒಂದನ್ನು ಆರಿಸಿಕೊಂಡವರು. ದೂರದಲ್ಲಿ ಕುಳಿತು ನೋಡುವ ನಮಗೆ ಅವುಗಳಲ್ಲಿ ಒಂದು ಮಾತ್ರ ಕಾಣಿಸುತ್ತದೆ.

2005ರ ಆಗಸ್ಟ್ 28ರ ಭಾನುವಾರ ಬೆಳಿಗ್ಗೆ ಮೇಯರ್ ರೇ ನೇಗಿನ್ ನ್ಯೂ ಆರ್ಲಿಯನ್ಸ್‌ನ ಇತಿಹಾಸದಲ್ಲೇ ಮೊದಲ ಬಾರಿಗೆ ಕಡ್ಡಾಯ ತೆರವಿನ ಆದೇಶ ಹೊರಡಿಸಿದರು. ಮರುದಿನ ಬೆಳಗಾಗುವಷ್ಟರಲ್ಲಿ ಕತ್ರಿನಾ ಹರಿಕೇನ್ ದಡ ಮುಟ್ಟಿತು. ಆ ನಗರದಲ್ಲಿ ಕಾರಿಲ್ಲದವರೇ ಸುಮಾರು ಒಂದು ಲಕ್ಷ ಮಂದಿ ಇದ್ದರು. ಅದು ತಿಂಗಳ ಕೊನೆ. ಪಿಂಚಣಿಯನ್ನೋ ಸರ್ಕಾರದ ನೆರವನ್ನೋ ನಂಬಿ ಬದುಕುವವರ ಕೈ ಬರಿದಾಗಿರುವ ಹೊತ್ತು. ಪೆಟ್ರೋಲು, ಹೋಟೆಲ್ ಬಾಡಿಗೆ, ಎಷ್ಟು ದಿನವೆಂದು ಗೊತ್ತಿಲ್ಲದ ಊಟದ ಖರ್ಚು ಇವೆಲ್ಲವನ್ನೂ ಹೊಂದಿಸಲಾಗದವರಿಗೆ ‘ಹೊರಡಿ’ ಎಂಬ ಆದೇಶವನ್ನು ಪಾಲಿಸುವ ದಾರಿಯೇ ಇರಲಿಲ್ಲ. ಆ ನಗರವಿರುವ ಲೂಯಿಸಿಯಾನ ರಾಜ್ಯದಲ್ಲಿ ಸತ್ತವರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಜನ 75 ವರ್ಷ ದಾಟಿದವರು. ನಡೆಯಲಾರದ ತಾಯಿಯನ್ನು ಹಾಸಿಗೆಯಿಂದ ಎತ್ತಿ ಕಾರಿನಲ್ಲಿ ಕೂರಿಸಿ, ಎಲ್ಲಿ ತಲುಪುತ್ತೇವೆಂದು ತಿಳಿಯದೆ ಹೊರಡಬೇಕಾದ ಮಗಳ ಸ್ಥಿತಿಯನ್ನು ಊಹಿಸಿಕೊಳ್ಳದೆ ಅವಳನ್ನು ಹಟಮಾರಿ ಎನ್ನುವುದು ಕ್ರೂರವೆಂದು ನನಗೆ ಅನ್ನಿಸುತ್ತದೆ.

ಹೊರಡುವುದೂ ಸಾವಿಗೆ ಕಾರಣವಾಗುತ್ತದೆ ಎಂಬುದಕ್ಕೆ ಊಹೆ ಬೇಕಿಲ್ಲ. ಕತ್ರಿನಾ ಬಂದು ಒಂದು ತಿಂಗಳೂ ಆಗಿರಲಿಲ್ಲ. ರೀಟಾ ಎಂಬ ಇನ್ನೊಂದು ಹರಿಕೇನ್ ಟೆಕ್ಸಸ್‌ನತ್ತ ಬರುತ್ತಿದೆ ಎಂದಾಗ ಹ್ಯೂಸ್ಟನ್ ಪ್ರದೇಶದಿಂದ ಸುಮಾರು 25 ಲಕ್ಷ ಜನ ಒಮ್ಮೆಲೇ ರಸ್ತೆಗಿಳಿದರು. ಕೆಲವೇ ಗಂಟೆಗಳ ದಾರಿಗೆ ಒಂದು ಹಗಲು, ಒಂದು ರಾತ್ರಿ ಹಿಡಿಯಿತು. ಬಿಸಿಲಿನ ತಾಪ ವಿಪರೀತವಾಗಿತ್ತು, ದಾರಿಯ ಬಂಕುಗಳಲ್ಲಿ ಇಂಧನ ಮುಗಿದಿತ್ತು, ಇಂಧನ ಉಳಿಸಲು ಜನ ಏಸಿ ಆರಿಸಿ ಕುಳಿತಿದ್ದರು. ಡಲ್ಲಾಸ್ ಸಮೀಪ ವೃದ್ಧಾಶ್ರಮದವರನ್ನು ಸಾಗಿಸುತ್ತಿದ್ದ ಬಸ್ಸಿಗೆ ಬೆಂಕಿ ಹತ್ತಿ 23 ಮಂದಿ ಸತ್ತರು. ಟೆಕ್ಸಸ್‌ನಲ್ಲಿ ರೀಟಾದೊಂದಿಗೆ ತಳಕು ಹಾಕಿಕೊಂಡ ಸಾವುಗಳಲ್ಲಿ ಬಹುಪಾಲು ತೆರವಿನ ಪ್ರಯಾಣಕ್ಕೇ ಸೇರಿದವು. ರೀಟಾ ಕೊನೆಗೆ ಪೂರ್ವಕ್ಕೆ ವಾಲಿತು, ಹ್ಯೂಸ್ಟನ್ ಬಹುಮಟ್ಟಿಗೆ ಪಾರಾಯಿತು. 2017ರಲ್ಲಿ ಹಾರ್ವೆ ಬಂದಾಗ ಅದೇ ನಗರದ ಮೇಯರ್ ಸಿಲ್ವೆಸ್ಟರ್ ಟರ್ನರ್, ಲಕ್ಷಗಟ್ಟಲೆ ಜನರನ್ನು ರಸ್ತೆಗಿಳಿಸುವುದೇ ಹೆಚ್ಚು ಅಪಾಯವೆಂದು ಹೇಳಿ ತೆರವಿಗೆ ಆದೇಶ ಕೊಡಲಿಲ್ಲ. ಒಬ್ಬ ಮೇಯರ್ ಇಂಥ ಲೆಕ್ಕ ಹಾಕಿದರೆ ಅದನ್ನು ಆಡಳಿತದ ವಿವೇಚನೆ ಎನ್ನುವ ನಾವು, ಒಂದು ಕುಟುಂಬ ಅದೇ ಲೆಕ್ಕ ಹಾಕಿದರೆ ಮೂರ್ಖತನ ಎನ್ನಬಾರದು.

ಕತ್ರಿನಾದಲ್ಲಿ ಉಳಿದವರ ಬಗ್ಗೆ ಮನಶ್ಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಮುಖ್ಯವಾಗುತ್ತದೆ. ಹೊರಗಿನಿಂದ ನೋಡಿದವರು ಉಳಿದವರನ್ನು ನಿಷ್ಕ್ರಿಯರೆಂದು ಬಗೆದಿದ್ದರು. ಉಳಿದವರಾದರೋ ತಮ್ಮ ಮಾತಿನಲ್ಲಿ ಧೈರ್ಯವನ್ನು, ದೇವರ ಮೇಲಿನ ನಂಬಿಕೆಯನ್ನು, ನೆರೆಹೊರೆಯವರ ಕಾಳಜಿಯನ್ನು ಹೇಳಿಕೊಂಡಿದ್ದರು. ಹೊರಟುಹೋಗುವ ಸಾಮರ್ಥ್ಯವನ್ನೇ ವಿವೇಕವೆಂದು ತಿಳಿದವರಿಗೆ, ಒಬ್ಬರನ್ನೊಬ್ಬರು ಬಿಟ್ಟುಕೊಡದೆ ಉಳಿದವರ ವಿವೇಕ ಕಾಣುವುದಿಲ್ಲ. ಸಾಕುಪ್ರಾಣಿಗಳ ವಿಷಯವನ್ನೂ ಹೀಗೇ ನೋಡಬೇಕು. ನಾಯಿಯನ್ನು ಒಳಗೆ ಬಿಡದ ಆಶ್ರಯ ಕೇಂದ್ರಕ್ಕೆ ಹೋಗಲು ಒಪ್ಪದವರನ್ನು ಒಂದು ಕಾಲದಲ್ಲಿ ಹುಚ್ಚರಂತೆ ಕಾಣಲಾಗುತ್ತಿತ್ತು. 2006ರಲ್ಲಿ ಅಮೆರಿಕದ ಸಂಸತ್ತು ತೆರವಿನ ಯೋಜನೆಗಳಲ್ಲಿ ಸಾಕುಪ್ರಾಣಿಗಳಿಗೂ ಜಾಗ ಇರಬೇಕೆಂದು ಕಾನೂನು ಮಾಡಿತು. ದೋಷ ಯೋಜನೆಯಲ್ಲಿತ್ತೆಂದು ಕಾನೂನೇ ಒಪ್ಪಿಕೊಂಡಂತಾಯಿತು.

ಹಿಂತಿರುಗುವ ಚಿಂತೆಯೊಂದಿದೆ, ಅದನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತೆರವಾದ ಪ್ರದೇಶಕ್ಕೆ ಕೆಲವೊಮ್ಮೆ ವಾರಗಟ್ಟಲೆ ಪ್ರವೇಶವಿರುವುದಿಲ್ಲ. ಹಾರಿಹೋದ ಚಾವಣಿಗೆ ಮೊದಲ ದಿನವೇ ಟಾರ್ಪಾಲು ಹೊದಿಸಿದರೆ ಉಳಿಯಬಹುದಾದ ಮನೆ, ಮಳೆ ನೆನೆದು ಬೂಷ್ಟು ಹಿಡಿದು ಕೆಡವಬೇಕಾದ ಸ್ಥಿತಿ ತಲುಪುತ್ತದೆ. ವಿಮೆಯಿಲ್ಲದವರಿಗೆ ಆ ಮನೆಯೇ ಜೀವಮಾನದ ಗಳಿಕೆಯೆಲ್ಲವೂ ಆಗಿರುತ್ತದೆ. ಆದೇಶ ಕೊಡುವವರು ಸಕಾಲಕ್ಕೆ ಕೊಡುತ್ತಾರೆ ಎಂಬ ಭರವಸೆಯೂ ಇಲ್ಲ. 2022ರಲ್ಲಿ ಇಯಾನ್ ಬಂದಾಗ ಫ್ಲಾರಿಡಾದ ಲೀ ಕೌಂಟಿ ತೆರವಿನ ಆದೇಶ ಹೊರಡಿಸಿದ್ದು ಸೆಪ್ಟೆಂಬರ್ 27ರಂದು, ದಡ ಮುಟ್ಟುವ ಹಿಂದಿನ ದಿನ. ನೆರೆಯ ಕೌಂಟಿಗಳಲ್ಲಿ ಅದಕ್ಕೂ ಒಂದು ದಿನ ಮೊದಲೇ ಆದೇಶ ಬಂದಿತ್ತು. ಆಡಳಿತವೇ ಕೊನೆಯ ಗಳಿಗೆಯವರೆಗೆ ಅಳೆದು ಸುರಿದು ನೋಡುವಾಗ, ಜನ ಮಾತ್ರ ಕ್ಷಣಮಾತ್ರದಲ್ಲಿ ಮನೆಗೆ ಬೀಗ ಹಾಕಿ ಹೊರಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ವಿರೋಧ

ಕಾರಿಲ್ಲದವರು, ಹಾಸಿಗೆ ಹಿಡಿದವರು, ಕೈಯಲ್ಲಿ ಕಾಸಿಲ್ಲದವರು ಉಳಿದದ್ದನ್ನು ನಿರಾಕರಣೆ ಎಂದು ಕರೆಯುವುದೇ ತಪ್ಪು. ಅವರನ್ನು ಕರೆದೊಯ್ಯದಿದ್ದುದು ಆಡಳಿತದ ಅಪರಾಧ; ಅದರಲ್ಲಿ ನನಗೆ ತಕರಾರಿಲ್ಲ. ನಾನು ಮಾತಾಡುತ್ತಿರುವುದು ಹೋಗಲು ವಾಹನವೂ ಇದ್ದು, ಸೇರಲು ಜಾಗವೂ ಇದ್ದು, ‘ಇದಕ್ಕಿಂತ ದೊಡ್ಡದನ್ನು ಕಂಡಿದ್ದೇವೆ’ ಎಂದು ಉಳಿಯುವವರ ಬಗ್ಗೆ. ಎರಡೂ ಗುಂಪುಗಳನ್ನು ಒಂದೇ ಮಾಡಿ, ಅಸಹಾಯಕರಿಗೆ ಸಲ್ಲಬೇಕಾದ ಸಹಾನುಭೂತಿಯನ್ನು ಇವರಿಗೂ ಕೊಡುವುದು ಸರಿಯಲ್ಲ.

‘ಕಂಡಿದ್ದೇವೆ’ ಎಂಬ ಆ ಮಾತು ಎಷ್ಟು ಅಪಾಯಕಾರಿ ಎಂಬುದಕ್ಕೆ ಮಿಸಿಸಿಪಿಯ ಕರಾವಳಿಯನ್ನು ನೋಡಬೇಕು. 1969ರ ಕಮೀಲ್ ಐದನೇ ವರ್ಗದ, ಎಂದರೆ ಅತಿ ಪ್ರಬಲ ವರ್ಗದ ಹರಿಕೇನ್. ಪಾಸ್ ಕ್ರಿಶ್ಚಿಯನ್ ಊರಿನಲ್ಲಿ ಸಮುದ್ರದ ನೀರು ಸುಮಾರು 24 ಅಡಿ ಏರಿತ್ತು. ಕಮೀಲ್‌ನಲ್ಲಿ ನೀರು ತಲುಪದ ಮನೆಯನ್ನು ಇನ್ನು ಯಾವ ಬಿರುಗಾಳಿಯೂ ಮುಳುಗಿಸದು ಎಂಬ ನಂಬಿಕೆ ಅಲ್ಲಿ ಒಂದು ತಲೆಮಾರಿನುದ್ದಕ್ಕೂ ಬೇರೂರಿತು. 2005ರಲ್ಲಿ ಕತ್ರಿನಾ ದಡ ಮುಟ್ಟುವಾಗ ಗಾಳಿಯ ವೇಗ ಕುಗ್ಗಿ ಮೂರನೇ ವರ್ಗಕ್ಕೆ ಇಳಿದಿತ್ತು. ಆದರೆ ಅದರ ಗಾಳಿಯ ವಿಸ್ತಾರ ಕಮೀಲ್‌ನದಕ್ಕಿಂತ ಬಹಳ ದೊಡ್ಡದಾಗಿತ್ತು. ಆ ಭಾಗದ ಕಡಲು ದಡದಿಂದ ಬಹುದೂರದವರೆಗೆ ಆಳವಿಲ್ಲದ್ದು. ಗಾಳಿ ತಳ್ಳಿದ ನೀರು ಕೆಳಕ್ಕೆ ಇಳಿದುಹೋಗಲು ಎಡೆಯಿಲ್ಲದೆ ಭೂಮಿಯ ಮೇಲೇರುತ್ತದೆ. ಈ ಸಲ ಅದೇ ಊರಿನಲ್ಲಿ ನೀರು ಸುಮಾರು 28 ಅಡಿ ಏರಿತು. ಕಮೀಲ್ ನೆನಪನ್ನೇ ನಂಬಿ ಕುಳಿತವರಿಗೆ ಆ ನೆನಪೇ ಮುಳುವಾಯಿತು.

ಹರಿಕೇನ್‌ನ ವರ್ಗ ಹೇಳುವುದು ಗಾಳಿಯ ವೇಗವನ್ನು ಮಾತ್ರ. ಹಿಂದೆ ಆ ವರ್ಗಗಳ ಪಟ್ಟಿಯಲ್ಲಿ ಉಬ್ಬರದ, ಎಂದರೆ ಬಿರುಗಾಳಿ ದಡಕ್ಕೆ ತಳ್ಳುವ ಕಡಲ ನೀರಿನ, ಎತ್ತರವನ್ನೂ ಸೂಚಿಸುತ್ತಿದ್ದರು. ಜನ ತಪ್ಪು ತಿಳಿಯುತ್ತಾರೆಂದು 2010ರಿಂದ ಅದನ್ನು ಕೈಬಿಡಲಾಗಿದೆ. ಆದರೆ ಅಮೆರಿಕದಲ್ಲಿ 1963ರಿಂದ 2012ರವರೆಗೆ ಇಂಥ ಬಿರುಗಾಳಿಗಳಿಂದ ನೇರವಾಗಿ ಸತ್ತವರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರಿನಿಂದಲೇ ಸತ್ತವರು, ಅದರಲ್ಲೂ ಒಟ್ಟು ಸಾವುಗಳ ಅರ್ಧದಷ್ಟು ಸಮುದ್ರದ ಉಬ್ಬರದಿಂದ. ಒಂದು ಘನ ಮೀಟರ್ ನೀರು ಸುಮಾರು ಒಂದು ಟನ್ ತೂಗುತ್ತದೆ. ಅಷ್ಟು ಭಾರ ಅಲೆಯಾಗಿ ಬಂದು ಮತ್ತೆ ಮತ್ತೆ ಬಡಿದರೆ, ಕಿಟಕಿಗಳಿಗೆ ಹೊಡೆದ ಪ್ಲೈವುಡ್ ಹಲಗೆಗಳು ಯಾವ ಕೆಲಸಕ್ಕೂ ಬಾರವು.

ರೀಟಾದ ಉದಾಹರಣೆಯನ್ನು ಉಳಿಯುವವರ ಪರವಾಗಿ ಹೇಳುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಅಂದು ರಸ್ತೆಗಿಳಿದವರಲ್ಲಿ ಬಹಳ ಮಂದಿ ಉಬ್ಬರದ ವಲಯದಲ್ಲಿ ಇರಲೇ ಇಲ್ಲ; ಹೊರಡಬೇಕಿಲ್ಲದವರು ಹೊರಟು, ಹೊರಡಲೇಬೇಕಾದವರ ದಾರಿ ಕಟ್ಟಿದರು. ಫ್ಲಾರಿಡಾದಂಥ ಕಡೆ ಇಂದು ತೆರವಿನ ವಲಯಗಳನ್ನು ಎ, ಬಿ, ಸಿ ಎಂದು ಗುರುತಿಸಿರುವುದು ನೀರು ಎಲ್ಲಿಯವರೆಗೆ ಬರಬಲ್ಲದು ಎಂಬ ಲೆಕ್ಕದ ಮೇಲೆ. ನೀರು ಮೊದಲು ನುಗ್ಗುವ ಎ ವಲಯದವರು ರಾಜ್ಯ ಬಿಟ್ಟು ಓಡಬೇಕಾಗಿಲ್ಲ. ಬಹಳ ಸಲ ಕೆಲವು ಹತ್ತು ಕಿಲೋಮೀಟರ್ ಒಳನಾಡಿಗೆ, ಎತ್ತರದ ಜಾಗದ ಗಟ್ಟಿ ಕಟ್ಟಡಕ್ಕೆ ಹೋದರೆ ಸಾಕಾಗುತ್ತದೆ.

‘ನೋಡಿಕೊಂಡು ಹೊರಡೋಣ’ ಎನ್ನುವವರಿಗೆ ಹೊರಡುವ ಗಳಿಗೆ ಸಿಗುವುದೇ ಇಲ್ಲ. 2008ರಲ್ಲಿ ಐಕ್ ಬರುವಾಗ ಹವಾಮಾನ ಇಲಾಖೆ, ಟೆಕ್ಸಸ್ ಕರಾವಳಿಯ ಗ್ಯಾಲ್ವಸ್ಟನ್ ಸುತ್ತಲಿನ ತಗ್ಗು ಪ್ರದೇಶದ ಒಂದೆರಡು ಅಂತಸ್ತಿನ ಮನೆಗಳಲ್ಲಿ ಉಳಿದವರಿಗೆ ಸಾವು ಖಚಿತವಾಗಬಹುದು ಎಂದು ಬಾಯಿಬಿಟ್ಟು ಹೇಳಿತ್ತು. ಆದರೂ ಗ್ಯಾಲ್ವಸ್ಟನ್‌ನಲ್ಲಿ ಸಾವಿರಾರು ಜನ ಉಳಿದರು. ಹರಿಕೇನ್‌ನ ಕೇಂದ್ರ ಇನ್ನೂ ದೂರವಿದ್ದಾಗಲೇ ನೀರು ಏರಿ, ಪಕ್ಕದ ಬೊಲಿವರ್ ಪರ್ಯಾಯ ದ್ವೀಪದ ರಸ್ತೆ ಮುಳುಗಿತು. ಹೊರಡುವ ಮನಸ್ಸಾದಾಗ ದಾರಿಯೇ ಇರಲಿಲ್ಲ; ಕರಾವಳಿ ರಕ್ಷಣಾ ಪಡೆಯ ಹೆಲಿಕಾಪ್ಟರ್‌ಗಳು ಹಾರಬಲ್ಲಷ್ಟು ಹೊತ್ತು ಹಾರಿ, ಸಿಕ್ಕವರನ್ನು ಎತ್ತಿಕೊಂಡು, ಗಾಳಿ ಮಿತಿಮೀರಿದಾಗ ಹಿಂತಿರುಗಿದವು. 2017ರಲ್ಲಿ ಹಾರ್ವೆಗೆ ಮುನ್ನ ಟೆಕ್ಸಸ್‌ನ ರಾಕ್‌ಪೋರ್ಟ್‌ನ ಅಧಿಕಾರಿಯೊಬ್ಬರು, ಉಳಿಯುವವರು ತಮ್ಮ ಹೆಸರನ್ನೂ ಗುರುತಿನ ಸಂಖ್ಯೆಯನ್ನೂ ತೋಳಿನ ಮೇಲೆ ಮಾರ್ಕರ್‌ನಿಂದ ಬರೆದುಕೊಳ್ಳಲಿ ಎಂದರು. ಅದರಲ್ಲಿ ಬೆದರಿಕೆ ಇರಲಿಲ್ಲ. ಶವಗಳ ಗುರುತು ಹಚ್ಚುವ ಕೆಲಸ ಮುಂದೆ ತಮ್ಮ ಪಾಲಿಗೇ ಬರುತ್ತದೆಂದು ಅವರಿಗೆ ಗೊತ್ತಿತ್ತು.

ಮುನ್ಸೂಚನೆ ತಪ್ಪುತ್ತದೆ, ಹೊರಟದ್ದು ವ್ಯರ್ಥವಾಗುತ್ತದೆ ಎಂಬ ವಾದವನ್ನು 2024ರ ಅಕ್ಟೋಬರಿನ ಮಿಲ್ಟನ್ ಮುಂದಿಟ್ಟು ನೋಡಬಹುದು. ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯ ಸುತ್ತಲಿನ ಬಹಳಷ್ಟು ಜನ ಮನೆ ಬಿಟ್ಟರು. ಮಿಲ್ಟನ್ ಕೊಲ್ಲಿಯ ದಕ್ಷಿಣಕ್ಕೆ, ಸಿಯೆಸ್ಟಾ ಕೀ ಬಳಿ ದಡ ಸೇರಿತು. ಗಾಳಿ ಭೂಮಿಯ ಕಡೆಯಿಂದ ಬೀಸಿದ್ದರಿಂದ ಕೊಲ್ಲಿಯ ನೀರು ಏರುವ ಬದಲು ಕಡಲಿಗೆ ಹಿಂದೆ ಸರಿಯಿತು. ಇನ್ನಷ್ಟು ಉತ್ತರಕ್ಕೆ ದಡ ಸೇರಿದ್ದರೆ ಅದೇ ಗಾಳಿ ಕಡಲನ್ನು ಕೊಲ್ಲಿಯೊಳಕ್ಕೆ ನೂಕುತ್ತಿತ್ತು. ಎರಡು ವಾರ ಮೊದಲು ಹೆಲೀನ್ ಬಹಳ ದೂರದಲ್ಲೇ ಹಾದುಹೋಗಿದ್ದರೂ ಅದೇ ಕೊಲ್ಲಿಯಲ್ಲಿ ದಾಖಲೆಯ ಮಟ್ಟಕ್ಕೆ ನೀರು ಏರಿ, ಮನೆಗಳಲ್ಲಿ ಉಳಿದಿದ್ದವರು ಮುಳುಗಿ ಸತ್ತಿದ್ದರು. ದಡ ಮುಟ್ಟುವ ಜಾಗ ಆಚೀಚೆ ಸರಿಯುವುದನ್ನು ಒಂದು ದಿನ ಮೊದಲು ಯಾರೂ ನಿಖರವಾಗಿ ಹೇಳಲಾರರು. ಹೊರಡಬೇಕಾದದ್ದು ಮಾತ್ರ ಒಂದು ದಿನ ಮೊದಲೇ.

ಟೆಕ್ಸಸ್ 2009ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಕಡ್ಡಾಯ ಆದೇಶವನ್ನು ಧಿಕ್ಕರಿಸಿ ಉಳಿದವರಿಂದ ರಕ್ಷಣೆಯ ವೆಚ್ಚವನ್ನು ವಸೂಲಿ ಮಾಡಬಹುದು. ದಂಡದ ಹೆದರಿಕೆಯಿಂದ ಯಾರಾದರೂ ಹೊರಡುತ್ತಾರೆಂದು ನನಗೆ ಅನ್ನಿಸುವುದಿಲ್ಲ, ಪೊಲೀಸರು ಜನರನ್ನು ಹೊತ್ತೊಯ್ಯಬೇಕೆಂಬುದೂ ನನ್ನ ವಾದವಲ್ಲ. ಆದರೆ ತನ್ನ ಜೀವ ತನ್ನ ಇಷ್ಟ ಎನ್ನುವ ಯಜಮಾನನ ಮಾತು ಆ ಮನೆಯ ಮಕ್ಕಳಿಗೂ ಮುದುಕರಿಗೂ ಅನ್ವಯಿಸಿಬಿಡುತ್ತದೆ. ಅವರ ಇಷ್ಟವನ್ನು ಯಾರೂ ಕೇಳಿರುವುದಿಲ್ಲ. ಗಾಳಿ ತಗ್ಗಿದ ಕೂಡಲೇ ಕತ್ತಲಲ್ಲಿ, ಹರಿದುಬಿದ್ದ ವಿದ್ಯುತ್ ತಂತಿಗಳ ನಡುವೆ ದೋಣಿ ತಂದು ಅವರನ್ನು ಹುಡುಕಬೇಕಾದವರ ಇಷ್ಟವನ್ನೂ ಕೇಳಿರುವುದಿಲ್ಲ. ಹೋಗಬಲ್ಲವನು ಹೋಗದೆ ಉಳಿದಾಗ, ನಿಜಕ್ಕೂ ಹೋಗಲಾರದೆ ಉಳಿದ ಪಕ್ಕದ ಮನೆಯ ವೃದ್ಧೆಗೆ ಆ ದೋಣಿ ತಡವಾಗಿ ತಲುಪುತ್ತದೆ.