ನಿಗಾ ಇಡಲಾಗಿದೆ, ನೀರು ಕುಡಿಯಿರಿ

ಬೆಂಗಳೂರಿನ ಕಸದ ಗುಡ್ಡದ ಸುತ್ತಲಿನ ಅಂತರ್ಜಲದ ಮೇಲೆ ‘ನಿರಂತರ ನಿಗಾ ಇಡಲಾಗಿದೆ’ ಎಂಬ ಅಧಿಕಾರಿಗಳ ಹೇಳಿಕೆ ಪತ್ರಿಕೆಯಲ್ಲಿ ಮತ್ತೆ ಕಾಣಿಸಿಕೊಂಡಿದೆ. ಮಾವಳ್ಳಿಪುರ, ಮಂಡೂರು, ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಎಂದು ಊರು ಬದಲಾಗುತ್ತದೆಯೇ ಹೊರತು ಹೇಳಿಕೆಯ ಒಂದಕ್ಷರವೂ ಬದಲಾಗುವುದಿಲ್ಲ. ನೀರು ಕೆಡದಂತೆ ತಡೆಯುತ್ತೇವೆ ಎಂದು ಇದರಲ್ಲಿ ಯಾರೂ ಹೇಳಿಲ್ಲ. ಅದು ಕೆಡುವುದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೇವೆ ಎಂದಷ್ಟೇ ಹೇಳಿದ್ದಾರೆ, ಕೊಟ್ಟ ಮಾತನ್ನು ಉಳಿಸಿಕೊಂಡೂ ಇದ್ದಾರೆ.

ನಿಯಮಗಳಿಗೆ ನಮ್ಮಲ್ಲಿ ಬರವಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಕಸವನ್ನು ನೆಲದಲ್ಲಿ ತುಂಬಿ ಮುಚ್ಚುವ ಭೂಭರ್ತಿ ಘಟಕದ ತಳದಲ್ಲಿ 90 ಸೆಂ.ಮೀ. ಜೇಡಿಮಣ್ಣಿನ ಪದರ, ಅದರ ಮೇಲೆ 1.5 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆ ಇರಬೇಕಿತ್ತು. ಘಟಕದ ಅಂಚಿನಿಂದ 50 ಮೀಟರ್ ಒಳಗಿನ ಅಂತರ್ಜಲವನ್ನು ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಮತ್ತು ಮಳೆ ನಿಂತ ಮೇಲೆ ಪರೀಕ್ಷಿಸಬೇಕಿತ್ತು. ಈ 50 ಮೀಟರಿನ ವಿಷಯವನ್ನು ಬೆಂಗಳೂರಿನ ಬಂಡೆಗೆ ಯಾರೂ ಓದಿ ಹೇಳಿದಂತಿಲ್ಲ. ನಮ್ಮ ಕಾಲ ಕೆಳಗಿನ ನೈಸ್ ಎಂಬ ಪಟ್ಟೆಗಲ್ಲು ಮತ್ತು ಗ್ರಾನೈಟ್ ಶಿಲೆಯಲ್ಲಿ ನೀರು ಮರಳಿನೊಳಗೆ ಹರಡುವಂತೆ ಎಲ್ಲ ಕಡೆಗೂ ಸಮನಾಗಿ ಹರಡುವುದಿಲ್ಲ, ಸಿಕ್ಕಿದ ಬಿರುಕು ಹಿಡಿದು ಓಡುತ್ತದೆ. ಹೀಗಾಗಿ ಕಸದಿಂದ ಜಿನುಗಿದ ಕಪ್ಪು ರಸವು ಗುಡ್ಡದ ಬುಡದಲ್ಲೇ ಕೊರೆದ ಪರೀಕ್ಷಾ ಕೊಳವೆಬಾವಿಯ ಗೊಡವೆಗೆ ಹೋಗದೆ, ಎಲ್ಲೋ ದೂರದ ತೋಟದ ಬೋರ್‌ವೆಲ್ಲಿನಲ್ಲಿ ಮೇಲೆ ಬರಬಹುದು. ಆಗ ಪರೀಕ್ಷಾ ಬಾವಿ ಪಾಸಾಗುತ್ತದೆ, ತೋಟದವನ ದೂರು ‘ವ್ಯಾಪ್ತಿಗೆ ಬರುವುದಿಲ್ಲ’ ಎಂದು ಮರಳುತ್ತದೆ. ಇಷ್ಟು ಸಾಲದೆಂದು ನಾವು ಸಿಡಿಮದ್ದಿಟ್ಟು ಒಡೆದ ಹಳೆಯ ಕಲ್ಲು ಕ್ವಾರಿಗಳನ್ನೇ ಹುಡುಕಿ ಕಸ ತುಂಬಿದ್ದೇವೆ. ಇದ್ದ ಬಿರುಕುಗಳ ಜೊತೆಗೆ ಇನ್ನಷ್ಟನ್ನು ಮುಂಗಡವಾಗಿಯೇ ಮಾಡಿಕೊಟ್ಟ ಆಡಳಿತದ ದೂರದೃಷ್ಟಿಯನ್ನು ಮೆಚ್ಚಲೇಬೇಕು.

ಇನ್ನು ಕುಡಿಯುವ ನೀರಿನ ಭಾರತೀಯ ಮಾನಕ, ಐಎಸ್ 10500. ಅದನ್ನು ಓದುವ ಸುಖವೇ ಬೇರೆ. ಕಸದ ರಸ ಅಂತರ್ಜಲಕ್ಕೆ ಸೇರಿದೆಯೇ ಎಂಬುದನ್ನು ಸುಲಭವಾಗಿ ಬಾಯಿಬಿಡುವ ಕ್ಲೋರೈಡ್ ಎಂಬ ಉಪ್ಪಿನಂಶಕ್ಕೆ ಅಲ್ಲಿ ಒಂದು ಲೀಟರಿಗೆ 250 ಮಿಲಿಗ್ರಾಂ ಎಂಬ ಮಿತಿಯಿದೆ. ಪಕ್ಕದಲ್ಲೇ ಇನ್ನೊಂದು ಅಂಕಣವಿದ್ದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 1,000 ಮಿಲಿಗ್ರಾಂವರೆಗೆ ಇರಬಹುದು ಎನ್ನುತ್ತದೆ. ಕರಗಿದ ಒಟ್ಟು ಲವಣಾಂಶಕ್ಕೂ ಇದೇ ಉದಾರತೆ: ಮಿತಿ 500, ಬೇರೆ ಗತಿಯಿಲ್ಲದವರಿಗೆ 2,000. ನೀರಿಲ್ಲದ ಸೀಮೆಗಾಗಿ ಮಾಡಿದ ಈ ರಿಯಾಯಿತಿಗೆ ಅದರದೇ ಆದ ಕಾರಣವಿದೆ, ಒಪ್ಪೋಣ. ಆದರೆ ಇದ್ದ ಬಾವಿಯನ್ನು ನಗರದ ಕಸವೇ ಕೆಡಿಸಿದ ಊರಿನಲ್ಲಿ ಅದನ್ನು ಅನ್ವಯಿಸಿ ನೋಡಿ. ಕ್ಯಾನ್ ನೀರು ಕೊಳ್ಳಬಲ್ಲವನ ಪಾಲಿಗೆ ಕೆಟ್ಟ ನೀರು, ಕೊಳ್ಳಲಾರದವನ ಪಾಲಿಗೆ ಅದೇ ಕೊಳವೆಬಾವಿಯಲ್ಲಿ ‘ಅನುಮತಿಸಬಹುದಾದ ಮಿತಿಯೊಳಗೆ’ ಬಂದುಬಿಡುತ್ತದೆ. ಬಡತನಕ್ಕೆ ನೀರು ಶುದ್ಧೀಕರಿಸುವ ಶಕ್ತಿಯೂ ಉಂಟೆಂದು ನಮಗೆ ಇದುವರೆಗೆ ತಿಳಿದಿರಲಿಲ್ಲ. ಅದೇ ಮಾನಕವು ನೀರಿನ ವಾಸನೆ ‘ಒಪ್ಪುವಂತಿರಬೇಕು’ ಎನ್ನುತ್ತದೆ. ಒಪ್ಪಬೇಕಾದ ಮೂಗು ಪ್ರಯೋಗಾಲಯದ್ದೋ ಊರಿನವರದ್ದೋ ಎಂದು ಕೇಳುವ ಹಾಗಿಲ್ಲ.

ಕಸ ಕೊಳೆತಾಗ ಹುಟ್ಟುವ ಅನಿಲದ ಕಥೆ ಚಿಕ್ಕದು. ಗಾಳಿಯಲ್ಲಿ ಮಿಥೇನ್ ಶೇ 5ಕ್ಕೆ ತಲುಪಿದರೆ ಕಿಡಿ ತಗುಲಿದಾಗ ಸ್ಫೋಟಿಸಬಲ್ಲದು. ಘಟಕದಲ್ಲಿ ಅದು ಸ್ಫೋಟದ ಈ ಕೆಳಮಿತಿಯ ಶೇ 25ನ್ನು, ಅಂದರೆ ಗಾಳಿಯ ಶೇ 1.25ನ್ನು ದಾಟಬಾರದೆಂದು ಅದೇ 2016ರ ನಿಯಮಗಳು ಹೇಳಿದ್ದವು. ಮಿಥೇನ್‌ಗೆ ವಾಸನೆಯಿಲ್ಲದಿರುವುದು ಅಧಿಕಾರಿಗಳಿಗೆ ಪ್ರಕೃತಿಯೇ ಕೊಟ್ಟ ವರ: ನಾರುತ್ತಿದೆ ಎಂದು ದೂರಿದವನಿಗೆ ‘ಅದು ಮಿಥೇನ್ ಅಲ್ಲ’ ಎಂದು ವೈಜ್ಞಾನಿಕವಾಗಿಯೇ ಉತ್ತರಿಸಬಹುದು. 2022ರ ಏಪ್ರಿಲ್‌ನಲ್ಲಿ ದೆಹಲಿಯ ಭಲ್ಸ್ವಾ ಗುಡ್ಡ ದಿನಗಟ್ಟಲೆ ಉರಿದಾಗ ಅದನ್ನು ನೋಡಲು ಯಾವ ಮಾಪಕವೂ ಬೇಕಾಗಲಿಲ್ಲ.

ರಸ, ಅನಿಲ ಎರಡಕ್ಕೂ ಮೂಲ ಹಸಿ ಕಸ. ‘ಎರಡು ಡಬ್ಬ, ಒಂದು ಚೀಲ’ ಪದ್ಧತಿಯಲ್ಲಿ ಮನೆಯಲ್ಲೇ ಕಸ ಬೇರ್ಪಡಿಸಿ ಎಂದು ಹೈಕೋರ್ಟ್ 2015ರಲ್ಲೇ ಆದೇಶಿಸಿತು. ಸೌತೆಕಾಯಿ ಸಿಪ್ಪೆ, ಮಗುವಿನ ಡೈಪರ್, ಅರ್ಧ ತಿಂದ ಬಿರಿಯಾನಿ ಮೂರನ್ನೂ ಒಂದೇ ಕವರಿಗೆ ತುಂಬಿ, ಕತ್ತಲಾದ ಮೇಲೆ ಪಕ್ಕದ ಖಾಲಿ ಸೈಟಿಗೆ ಎಸೆದು ಬರುವ ನಾವು, ಮರುದಿನ ಅಂತರ್ಜಲದ ಬಗ್ಗೆ ಕಳವಳದಿಂದ ಓದುತ್ತೇವೆ.

ತಮಾಷೆ ಸಾಕು. ಮಂಡೂರಿನ ಜನ ರಸ್ತೆಗಿಳಿದು ಹೋರಾಡಿದ ಮೇಲೆ, 2014ರ ಕೊನೆಗೆ ಅಲ್ಲಿಗೆ ಕಸದ ಲಾರಿಗಳು ಹೋಗುವುದು ನಿಂತಿತು. ಮುಚ್ಚಿದ ಘಟಕದ ಮೇಲೆ ಕನಿಷ್ಠ 15 ವರ್ಷ ನಿಗಾ ಇರಬೇಕೆಂದು 2016ರ ನಿಯಮಗಳು ಹೇಳಿದ್ದವು, ಅಂದರೆ ಆ ಲೆಕ್ಕಕ್ಕೆ 2029ರವರೆಗೆ. ಲಾರಿ ನಿಂತ ವರ್ಷ ಆ ಗುಡ್ಡದ ಪಕ್ಕ ಹುಟ್ಟಿದ ಮಗು ಅಷ್ಟರೊಳಗೆ ಹೈಸ್ಕೂಲಿಗೆ ಬಂದಿರುತ್ತದೆ. ಅದು ಇಷ್ಟು ವರ್ಷ ಕುಡಿದ ನೀರಿನಲ್ಲಿ ಏನಿತ್ತು ಎಂಬುದನ್ನು ಅದರ ತಾಯಿಗೆ ಕನ್ನಡದಲ್ಲಿ, ಪಂಚಾಯಿತಿ ಗೋಡೆಯ ಮೇಲೆ, ಬಾವಿ ಬಾವಿಗೂ ಬರೆದು ತೋರಿಸಲು ಎಷ್ಟು ಖರ್ಚಾಗುತ್ತದೆ? ಒಂದು ಡಬ್ಬ ಬಣ್ಣ, ಒಂದು ಕುಂಚ. ಅದನ್ನು ಕೇಳಿದರೆ ವರದಿ ಪರಿಶೀಲನೆಯಲ್ಲಿದೆ ಎನ್ನುತ್ತಾರೆ, ಮತ್ತೂ ಒತ್ತಾಯಿಸಿದರೆ ಹೊಸದಾಗಿ ಮಾದರಿ ಸಂಗ್ರಹಿಸಲು ಬಾಟಲಿ ಹಿಡಿದು ಬರುತ್ತಾರೆ.