ಒಂದು ಲೋಟ ನೀರಿನ ಮಹಾತ್ಮೆ

ಆ ಚಿತ್ರವನ್ನು ನೀವೆಲ್ಲರೂ ನೋಡಿರುತ್ತೀರಿ. ನಲ್ಲಿಯಲ್ಲಿ ಕಂದು ಬಣ್ಣದ ನೀರು ಬರುತ್ತಿದೆ ಎಂದು ಜನ ಮೂರು ವಾರ ದೂರಿದ ಮೇಲೆ, ಮಾನ್ಯರು ನೀರು ಶುದ್ಧೀಕರಣ ಘಟಕಕ್ಕೆ ದಯಮಾಡಿಸಿ, ಗಾಜಿನ ಲೋಟವನ್ನು ಬೆಳಕಿಗೆ ಎತ್ತಿ ಹಿಡಿದು, ಕ್ಯಾಮೆರಾಗಳ ಎದುರು ಗಟಗಟನೆ ಕುಡಿದು, ತುಟಿ ಒರೆಸಿಕೊಂಡು ಮುಗುಳ್ನಕ್ಕ ಚಿತ್ರ. ಅದರ ಎಡ ಅಂಚಿನಲ್ಲಿ ಅರ್ಧ ಭುಜವೂ ಒಂದು ಕಿವಿಯೂ ಕಾಣಿಸುತ್ತವೆ. ಆ ಕಿವಿ ನನ್ನದು. ನಗರದ ನೀರು ಮತ್ತು ಒಳಚರಂಡಿಯ ಕೆಲಸದಲ್ಲೇ ತಲೆ ನರೆಸಿಕೊಂಡ ಹಿರಿಯ ಎಂಜಿನಿಯರನಿಗೆ ಸಾರ್ವಜನಿಕ ಜೀವನದಲ್ಲಿ ಸಿಗುವ ಜಾಗ ಸಾಮಾನ್ಯವಾಗಿ ಇಷ್ಟೇ; ಪೈಪು ಒಡೆದ ದಿನ ಮಾತ್ರ ಪೂರ್ತಿ ಮುಖ ಅಚ್ಚಾಗುತ್ತದೆ.

ಈ ಪರೀಕ್ಷಾ ವಿಧಾನವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ನಮ್ಮ ಪ್ರಯೋಗಾಲಯದವರು 100 ಮಿಲಿಲೀಟರ್ ಮಾದರಿ ತೆಗೆದು ಅದರಲ್ಲಿ ಮಲದ ಬೆರಕೆಯ ಸುಳಿವು ಕೊಡುವ ಇ. ಕೋಲಿ ಬ್ಯಾಕ್ಟೀರಿಯಾ ಒಂದೂ ಇಲ್ಲವೆಂದು ಹೇಳಬೇಕಾದರೆ, ಅದನ್ನು ಇನ್‌ಕ್ಯುಬೇಟರಿನಲ್ಲಿಟ್ಟು ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಕಾಯಬೇಕು. ಮಾನ್ಯರ ನಾಲಿಗೆ ಆ ಕೆಲಸವನ್ನು ನಾಲ್ಕು ಸೆಕೆಂಡಿನಲ್ಲಿ ಮುಗಿಸಿತು. ನೀರಿನಲ್ಲಿ ಬೆರೆತ ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಆರ್ಸೆನಿಕ್‌ನ ಕಥೆಯೂ ಅದೇ. ಇವನ್ನು ಹಿಡಿಯಲು ದುಬಾರಿ ಯಂತ್ರಗಳನ್ನು ತರಿಸಿಕೊಂಡು ಕೂತಿರುವ ನಾವು ದಡ್ಡರು. ಟೈಫಾಯ್ಡ್ ಸೋಂಕು ತಗುಲಿದವರಿಗೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಹಿಡಿಯುವುದರಿಂದ, ಈ ಪರೀಕ್ಷೆಯನ್ನು ಪ್ರಾಮಾಣಿಕವಾಗಿ ಮುಗಿಸಬೇಕಿದ್ದರೆ ಛಾಯಾಗ್ರಾಹಕರು ಅಲ್ಲಿಯವರೆಗೆ ಮಾನ್ಯರ ಮನೆಯಂಗಳದಲ್ಲಿ ಠಿಕಾಣಿ ಹೂಡಬೇಕಿತ್ತು. ಅವರು ಹತ್ತು ನಿಮಿಷದಲ್ಲಿ ಹೊರಟುಹೋದರು. ದಿನಕ್ಕೆ 10 ಕೋಟಿ ಲೀಟರ್ ನೀರು ಹೊರಬಿಡುವ ಘಟಕದಲ್ಲಿ 200 ಮಿಲಿಲೀಟರ್ ಕುಡಿಯುವುದೆಂದರೆ 50 ಕೋಟಿಯಲ್ಲಿ ಒಂದು ಪಾಲನ್ನು ಪರೀಕ್ಷಿಸಿದಂತೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕಲ್ಲವೇ ಎನ್ನುವವರಿದ್ದಾರೆ. ಸಾಕು, ನಿಜ; ಆದರೆ ಬೆಂದ ಅನ್ನವನ್ನು ಯಾರೂ ನೂರಾರು ಕಿಲೋಮೀಟರ್ ಉದ್ದದ ತುಕ್ಕು ಹಿಡಿದ ಕೊಳವೆಯೊಳಗೆ ತಳ್ಳಿ, ಆಚೆ ತುದಿಯಲ್ಲಿ ಬಡಿಸುವುದಿಲ್ಲ.

ಆ ಲೋಟದ ಹಿಂದಿನ ಶ್ರಮ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಹಿಂದಿನ ದಿನ ಸಂಜೆ ಒಂದೂವರೆ ಗಂಟೆ ಸಭೆ ನಡೆದಿತ್ತು. ಲೋಟ ಸ್ಟೀಲಿನದಾಗಬೇಕೋ ಗಾಜಿನದಾಗಬೇಕೋ ಎಂಬುದು ಮೊದಲ ವಿಷಯ. ಸ್ಟೀಲಿನದಾದರೆ ನೀರು ಕಾಣುವುದಿಲ್ಲ ಎಂದು ಒಂದು ಪಕ್ಷ, ಗಾಜಿನದಾದರೆ ನೀರು ಕಂಡುಬಿಡುತ್ತದೆ ಎಂದು ಇನ್ನೊಂದು ಪಕ್ಷ. ನಂತರ ಯಾವ ನಲ್ಲಿ ಎಂಬ ಪ್ರಶ್ನೆ ಬಂತು. ದೂರು ಬಂದಿರುವ ಬಡಾವಣೆಯ ನಲ್ಲಿಯಿಂದಲೇ ಕುಡಿಯಬಹುದಲ್ಲ ಎಂದು ಕಿರಿಯ ಎಂಜಿನಿಯರೊಬ್ಬ ಹೇಳಿದ. ಅವನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು, ಪಾಪ. ಎಲ್ಲರೂ ಅವನ ಕಡೆಗೊಮ್ಮೆ ನೋಡಿದರು. ಮತ್ತೆ ಅವನು ಬಾಯಿ ಬಿಡಲಿಲ್ಲ. ಕೊನೆಗೆ ಫಿಲ್ಟರ್‌ಹೌಸಿನ ಬಾಗಿಲ ಪಕ್ಕದ, ಶುದ್ಧ ನೀರಿನ ತೊಟ್ಟಿಗೆ ಅಂಟಿಕೊಂಡಂತಿರುವ ನಲ್ಲಿ ಗೊತ್ತಾಯಿತು, ಅದನ್ನು ರಾತ್ರಿಯಿಡೀ ಹರಿಯಬಿಡುವುದೆಂದೂ ತೀರ್ಮಾನವಾಯಿತು. ಕ್ಲೋರಿನ್ ವಾಸನೆಗೆ ಮಾನ್ಯರು ಮುಖ ಸಿಂಡರಿಸಿದರೆ ಗತಿಯೇನು ಎಂಬ ಆತಂಕ ಒಬ್ಬರಿಗೆ. ಆ ಬೆಳಗಿನ ಮಟ್ಟಿಗೆ ಡೋಸು ಸ್ವಲ್ಪ ಇಳಿಸಿದರಾಗದೇ ಎಂದು ಅವರು ಕೇಳಿದರು. ಇಡೀ ನಗರದ ನೀರಿನ ಸೋಂಕು ನಿವಾರಣೆಯನ್ನು ಒಬ್ಬರ ಮೂಗಿನ ಸಲುವಾಗಿ ತಗ್ಗಿಸಲು ಸಾಧ್ಯವಿಲ್ಲ ಎಂದೆ. ಆ ಸಭೆಯಲ್ಲಿ ನಾನು ಆಡಿದ ಧೈರ್ಯದ ಮಾತು ಅದೊಂದೇ.

ಕ್ಲೋರಿನ್ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನೀರಿನಲ್ಲಿ ಉಳಿಕೆ ಕ್ಲೋರಿನ್, ಅಂದರೆ ದಾರಿಯಲ್ಲಿ ಸೇರುವ ರೋಗಾಣುಗಳನ್ನು ಕೊಲ್ಲಲು ಮಿಕ್ಕಿರುವ ಕ್ಲೋರಿನ್, ಇದೆಯೇ ಎಂದು ನೋಡಲು ನಮ್ಮಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆಯಿರುತ್ತದೆ. ಗಾಜಿನ ನಳಿಗೆಯಲ್ಲಿ 10 ಮಿಲಿಲೀಟರ್ ನೀರು ಹಿಡಿದು, ಡಿಪಿಡಿ ಎಂಬ ಪುಟ್ಟ ಮಾತ್ರೆಯನ್ನು ಪುಡಿಮಾಡಿ ಹಾಕಿದರೆ, ಕ್ಲೋರಿನ್ ಇದ್ದಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇಲ್ಲದಿದ್ದರೆ ಇದ್ದಂತೆಯೇ ತಿಳಿಯಾಗಿ ನಿಲ್ಲುತ್ತದೆ. ನೀರು ಮನೆ ತಲುಪುವಲ್ಲಿಯೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೋಟದ ಬದಲು ಈ ನಳಿಗೆಯನ್ನೇ ಮಾನ್ಯರ ಕೈಗೆ ಕೊಡೋಣ, ಜನರೂ ನೋಡಿ ಕಲಿಯಲಿ ಎಂದು ನಾನು ಸಲಹೆ ಕೊಟ್ಟಿದ್ದೆ. ಪ್ರಚಾರದ ಹೊಣೆ ಹೊತ್ತವರು ಗುಲಾಬಿ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, “ಸರ್, ಒಳ್ಳೆಯ ನೀರು ಬಣ್ಣ ತಿರುಗುತ್ತೆ, ಅನುಮಾನದ ನೀರು ತಿಳಿಯಾಗಿರುತ್ತೆ ಅಂತೀರಿ. ಇದನ್ನ ಜನಕ್ಕೆ ಹೇಗೆ ತೋರಿಸೋದು?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ನಳಿಗೆ ಪೆಟ್ಟಿಗೆ ಸೇರಿತು, ಲೋಟ ಹೊರಗೆ ಬಂತು.

ಈ ಲೋಟ ಇಂದು ನಿನ್ನೆಯದಲ್ಲ, ಅದಕ್ಕೆ ದೊಡ್ಡ ಮನೆತನವೇ ಇದೆ. ಅದರ ಮೂಲಪುರುಷರೆಂದು ನಾನು ಕೈಮುಗಿಯುವುದು ಜರ್ಮನಿಯ ಮ್ಯೂನಿಕ್ಕಿನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಅವರಿಗೆ. 1892ರಲ್ಲಿ ಹ್ಯಾಂಬರ್ಗ್ ನಗರ ಎಲ್ಬೆ ನದಿಯ ನೀರನ್ನು ಸೋಸದೆ ಮನೆಮನೆಗೆ ಹರಿಸುತ್ತಿತ್ತು. ಆ ವರ್ಷ ಅಲ್ಲಿ ಕಾಲರಾದಿಂದ 8,000ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಪಟ್ಟಣ, ಹ್ಯಾಂಬರ್ಗಿನ ಕೊಳಚೆ ಬೆರೆತ ಅದೇ ನದಿಯ ನೀರನ್ನು ಕೆಳಹರಿವಿನಲ್ಲಿ ಎತ್ತಿಕೊಂಡರೂ, ಮರಳಿನ ಹಾಸಿನಲ್ಲಿ ನಿಧಾನವಾಗಿ ಸೋಸುತ್ತಿದ್ದ ಕಾರಣ ಬಹುಮಟ್ಟಿಗೆ ಪಾರಾಯಿತು. ರೋಗ ನೀರಿನಲ್ಲಿದೆ ಎಂದು ರೋಗಾಣು ವಿಜ್ಞಾನಿ ರಾಬರ್ಟ್ ಕೋಖ್ ಹೇಳುತ್ತಿದ್ದರೆ, ರೋಗಾಣುವೊಂದರಿಂದಲೇ ಕಾಲರಾ ಹರಡಲಾರದು, ಆ ನೆಲದ ಗುಣವೂ ಕೂಡಿಬರಬೇಕು ಎಂಬುದು ಪೆಟೆನ್‌ಕೋಫರ್ ಅವರ ಹಟ. ಅಕ್ಟೋಬರ್ 7ರಂದು, 73ರ ವಯಸ್ಸಿನಲ್ಲಿ, ಆ ಹಿರಿಯರು ಕಾಲರಾ ರೋಗಾಣುಗಳನ್ನು ಬೆಳೆಸಿದ ದ್ರವವನ್ನೇ ಕುಡಿದರು. ಜಠರದ ಆಮ್ಲದಲ್ಲಿ ರೋಗಾಣುಗಳು ಸತ್ತು ಪರೀಕ್ಷೆ ಕೆಡಬಾರದೆಂದು ಅಡುಗೆ ಸೋಡಾವನ್ನೂ ಸೇವಿಸಿದ್ದರು. ಕೆಲವು ದಿನ ಹೊಟ್ಟೆ ಕೆಟ್ಟಿತು, ಬದುಕಿದರು, ವಾದ ಗೆದ್ದೆನೆಂದು ನಂಬಿದರು. ವಾದ ತಪ್ಪೇ ಆಗಿತ್ತು. ಆದರೆ ಆ ಸೋಡಾವನ್ನು ಗಮನಿಸಿ: ತಮ್ಮ ಪರೀಕ್ಷೆಯನ್ನು ತಮಗೇ ಕಠಿಣ ಮಾಡಿಕೊಂಡ ಮನುಷ್ಯ ಅವರು. ಅವರ ವಂಶಸ್ಥರು ನಲ್ಲಿಯನ್ನು ರಾತ್ರಿಯಿಡೀ ಹರಿಯಬಿಡುತ್ತಾರೆ. ಇನ್ನೊಂದು ಮಾತು; ಮ್ಯೂನಿಕ್ಕಿಗೆ ಒಳಚರಂಡಿಯೂ ಶುದ್ಧ ನೀರೂ ಬೇಕೆಂದು ಪಟ್ಟು ಹಿಡಿದವರಲ್ಲಿ ಈ ಪೆಟೆನ್‌ಕೋಫರ್ ಅವರೇ ಮುಂದಿದ್ದರು. ಸಿದ್ಧಾಂತ ತಪ್ಪಾಗಿದ್ದರೂ ಚರಂಡಿ ನೆಟ್ಟಗಿತ್ತು. ನಮಗೆ ಸಿದ್ಧಾಂತವೆಲ್ಲ ಸರಿಯಾಗಿ ಗೊತ್ತು.

ವಂಶ ಮುಂದುವರಿಯುತ್ತದೆ. 2014ರ ಏಪ್ರಿಲ್ 25ರಂದು ಅಮೆರಿಕದ ಫ್ಲಿಂಟ್ ನಗರ ಹಣ ಉಳಿಸಲೆಂದು ತನ್ನ ನೀರಿನ ಮೂಲವನ್ನು ಫ್ಲಿಂಟ್ ನದಿಗೆ ಬದಲಿಸಿದಾಗ, ಅಲ್ಲಿನ ಗಣ್ಯರು ಆ ನೀರಿನ ಲೋಟಗಳನ್ನೇ ಎತ್ತಿ ಸಂಭ್ರಮಿಸಿದರು. ಕೊಳವೆಯನ್ನು ಸವೆತದಿಂದ ಕಾಯುವ ರಾಸಾಯನಿಕವನ್ನು ಮಾತ್ರ ಯಾರೂ ಹಾಕಲಿಲ್ಲ. ಹಳೆಯ ಕೊಳವೆಗಳ ಸೀಸ ಕರಗಿ ನೀರಿಗಿಳಿಯಿತು. ಅದೇ ಅಕ್ಟೋಬರಿನಲ್ಲಿ ಜನರಲ್ ಮೋಟರ್ಸ್ ತನ್ನ ಎಂಜಿನ್ ಕಾರ್ಖಾನೆಗೆ ಆ ನೀರು ಬೇಡವೆಂದಿತು, ಏಕೆಂದರೆ ಬಿಡಿಭಾಗಗಳು ತುಕ್ಕು ಹಿಡಿಯುತ್ತಿದ್ದವು. ಕಬ್ಬಿಣ ಒಲ್ಲೆನೆಂದ ನೀರನ್ನು ಮಕ್ಕಳು ಇನ್ನೊಂದು ವರ್ಷ ಕುಡಿದರು. ಮರುವರ್ಷದ ಜುಲೈನಲ್ಲಿ ಮೇಯರ್ ಟಿವಿಯಲ್ಲಿ ಮತ್ತೊಮ್ಮೆ ಅದೇ ನೀರು ಕುಡಿದು ತೋರಿಸಿದರು.

ಕೆನಡಾದ ವಾಕರ್ಟನ್ ಎಂಬ ಸಣ್ಣ ಪಟ್ಟಣದ ಕಥೆ ನಮ್ಮ ವೃತ್ತಿಯವರಿಗೆ ಇನ್ನೂ ಹತ್ತಿರದ್ದು. 2000ನೇ ಇಸವಿಯ ಮೇ ತಿಂಗಳಲ್ಲಿ ಜಮೀನಿನ ಗೊಬ್ಬರದ ರೋಗಾಣು ಮಳೆಯೊಂದಿಗೆ ಕುಡಿಯುವ ನೀರಿನ ಬಾವಿಗಿಳಿದು 7 ಜನ ಸತ್ತರು, 2,300 ಮಂದಿ ಹಾಸಿಗೆ ಹಿಡಿದರು. ಅಲ್ಲಿನ ನಿರ್ವಾಹಕರೂ ಕ್ಲೋರಿನ್ ಹಾಕದ ನೀರನ್ನು ಬಾವಿಯ ಬಳಿಯೇ ಕುಡಿಯುತ್ತಿದ್ದವರು. ತಮಗೇನೂ ಆಗಿಲ್ಲವಾದ್ದರಿಂದ ಅದು ಒಳ್ಳೆಯ ನೀರೆಂದೇ ನಂಬಿದ್ದರು. ಪರೀಕ್ಷೆ ಮಾಡದೆಯೇ ದಿನದ ಪುಸ್ತಕದಲ್ಲಿ ಕ್ಲೋರಿನ್ 0.5 ಅಥವಾ 0.75 ಎಂದು ಬರೆದುಬಿಡುತ್ತಿದ್ದರು.

ಅಂಥ ಪುಸ್ತಕವನ್ನು ನಾನೂ ನೋಡಿದ್ದೇನೆ. ಒಂದು ಪಂಪ್‌ಹೌಸಿನಲ್ಲಿ ನಾಳೆಯ ತಾರೀಕಿನ ಎದುರಿಗೂ 0.5 ಎಂದು ಬರೆದಿತ್ತು. ಇಂಥ ದೂರದೃಷ್ಟಿಗೆ ಪ್ರಶಸ್ತಿ ಕೊಡಬೇಕೆಂದು ಆಪರೇಟರನನ್ನು ಗದರಿಸಲು ಹೊರಟವನಿಗೆ ಅವನು ತನ್ನ ಪೆಟ್ಟಿಗೆ ತೆರೆದು ತೋರಿಸಿದ. ಮಾತ್ರೆ ಮುಗಿದು ಐದು ತಿಂಗಳಾಗಿತ್ತು. ಮಾತ್ರೆ ಕೊಡಿ ಎಂದು ಅವನು ಬರೆದ ಮೂರು ಪತ್ರಗಳಿಗೆ ಉತ್ತರ ಬಂದಿರಲಿಲ್ಲ. ಒಂದು ದಿನ ಕಾಲಂ ಖಾಲಿ ಬಿಟ್ಟದ್ದಕ್ಕೆ ಮಾತ್ರ ಮರುದಿನವೇ ನೋಟೀಸು ಬಂದಿತ್ತು. ಆ ನೋಟೀಸಿಗೆ ಸಹಿ ಮಾಡಿದವನು ನಾನೇ. ಓದದೆ ಹಾಕಿದ ನೂರು ಸಹಿಗಳಲ್ಲಿ ಅದೂ ಒಂದು.

ಕೊಳಚೆ ನೀರಿನ ವಿಭಾಗಕ್ಕೆ ಈ ಲೋಟದ ಭಾಗ್ಯವಿಲ್ಲ. ನಮೀಬಿಯಾದ ವಿಂಡ್‌ಹೂಕ್ ನಗರ 1968ರಿಂದ ಕೊಳಚೆ ನೀರನ್ನೇ ಹಂತ ಹಂತವಾಗಿ ಶುದ್ಧಗೊಳಿಸಿ ಕುಡಿಯುತ್ತಿದೆಯಾದರೂ, ನಮ್ಮ ಕೊಳಚೆ ಘಟಕಕ್ಕೆ ಬರುವ ಮಾನ್ಯರ ಭೇಟಿ ಕರವಸ್ತ್ರದ ಅತ್ತರು ಇರುವಷ್ಟು ಹೊತ್ತು ಮಾತ್ರ. ಒಮ್ಮೆ ಬ್ಲೋವರುಗಳ ಸದ್ದಿಗೆ ಭಾಷಣ ಕೇಳಿಸುತ್ತಿಲ್ಲವೆಂದು ಅವನ್ನು ನಿಲ್ಲಿಸಿದರು. ಏರೇಷನ್ ಟ್ಯಾಂಕಿನಲ್ಲಿ ಕೊಳಚೆಯನ್ನು ತಿಂದು ಶುದ್ಧಗೊಳಿಸುವ ಬ್ಯಾಕ್ಟೀರಿಯಾಗಳು ಬದುಕಿರುವುದು ಆ ಬ್ಲೋವರುಗಳು ಊದುವ ಗಾಳಿಯಿಂದ. ಮಾನ್ಯರು ಪರಿಸರದ ಉಸಿರಿನ ಬಗ್ಗೆ ನಲವತ್ತು ನಿಮಿಷ ಮಾತಾಡಿದರು; ಅಷ್ಟು ಹೊತ್ತೂ ತೊಟ್ಟಿಯೊಳಗಿನ ಕೋಟ್ಯಂತರ ಕಾರ್ಮಿಕರು ಉಸಿರುಗಟ್ಟಿ ಕೂತಿದ್ದರು.

ಮ್ಯಾನ್‌ಹೋಲಿಗೆ ಇಳಿಯುವವರ ವಿಷಯ ಬೇರೆ. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಹೆಚ್ಚಾದಾಗ ಮೂಗಿನ ನರಗಳೇ ಸೋತು ವಾಸನೆ ನಿಂತುಹೋಗುತ್ತದೆ. “ಈಗ ವಾಸನೆಯಿಲ್ಲ, ಇಳಿ” ಎಂದು ಮೇಲೆ ನಿಂತವನು ಹೇಳುವ ಹೊತ್ತು ಅದೇ. ಗ್ಯಾಸ್ ಅಳೆಯುವ ಮೀಟರು ಬೀರುವಿನಲ್ಲಿರುತ್ತದೆ, ಬೀರುವಿನ ಕೀಲಿಕೈ ರಜೆಯ ಮೇಲೆ ಹೋದವರ ಜೇಬಿನಲ್ಲಿರುತ್ತದೆ. ನಾಲಿಗೆ, ಮೂಗುಗಳನ್ನು ನಂಬಿ ನಾವು ಎಷ್ಟು ಜನರನ್ನು ಒಳಗಿಳಿಸಿದ್ದೇವೆ. ಇದರ ಬಗ್ಗೆ ತಮಾಷೆ ಮಾಡುವ ಶಕ್ತಿ ನನಗಿಲ್ಲ.

ಲೋಟಕ್ಕೆ ಮರಳುತ್ತೇನೆ. ಘಟಕದ ನೀರನ್ನು ಯಾರೂ ಅನುಮಾನಿಸಿರಲಿಲ್ಲ, ಅದು ಚೆನ್ನಾಗಿಯೇ ಇತ್ತು. ದೂರು ಬಂದ ಬಡಾವಣೆಗೆ ನೀರು ಹೋಗುವುದು ಹಳೆಯ ಬೀಡುಕಬ್ಬಿಣದ ಕೊಳವೆಯಲ್ಲಿ. ಅದು ಒಂದು ಕಡೆ ಒಳಚರಂಡಿಯ ಪಕ್ಕದಲ್ಲೇ, ಅದಕ್ಕಿಂತ ಕೆಳಗೆ ಹಾದುಹೋಗಿದೆ. ನೀರು ನಿಲ್ಲಿಸಿದಾಗ ಕೊಳವೆಯೊಳಗಿನ ಒತ್ತಡ ಇಳಿದು, ಸಡಿಲವಾದ ಜೋಡಣೆಗಳು ಸುತ್ತಲಿನ ಮಣ್ಣಿನ ತೇವವನ್ನು ಒಳಕ್ಕೆ ಹೀರುತ್ತವೆ. ಮತ್ತೆ ಬಿಟ್ಟಾಗ ವೇಗಕ್ಕೆ ತುಕ್ಕಿನ ಹೆಕ್ಕಳೆ ಎದ್ದು ನೀರು ಕಂದಾಗುತ್ತದೆ. ಆ 1,800 ಮೀಟರ್ ಕೊಳವೆಯನ್ನು ಬದಲಿಸಬೇಕೆಂದು ನಾನು ನಾಲ್ಕು ಬಾರಿ ಟಿಪ್ಪಣಿ ಬರೆದೆ. ನಾಲ್ಕು ಬಾರಿಯೂ ಅದು “ಮುಂದಿನ ಸಾಲಿನಲ್ಲಿ ಪರಿಶೀಲಿಸಬಹುದು” ಎಂಬ ಷರಾದೊಂದಿಗೆ ಮರಳಿತು. ಹೂತ ಕೊಳವೆಗೆ ನಾಮಫಲಕ ನೆಡಲು ಬರುವುದಿಲ್ಲ, ಅದರ ಎದುರು ನಿಂತು ಚಿತ್ರ ತೆಗೆಸಿಕೊಳ್ಳಲೂ ಬರುವುದಿಲ್ಲ. ಐದನೆಯ ಟಿಪ್ಪಣಿ ಮೇಜಿನ ಮೇಲಿದ್ದಾಗಲೇ ಲೋಟದ ಆದೇಶ ಬಂತು.

ಚಿತ್ರ ಅಚ್ಚಾದ ದಿನ ಸಂಜೆ ಆ ಕಿರಿಯ ಎಂಜಿನಿಯರನನ್ನು ಕರೆದುಕೊಂಡು ಬಡಾವಣೆಯ ಕೊನೆಯ ಮನೆಗೆ ಹೋದೆ. ನೀರು ಬಂದು ಅರ್ಧ ಗಂಟೆಯಾಗಿತ್ತು, ಕಂದು ಬಣ್ಣ ಹರಿದುಹೋಗಿತ್ತು. ಅವನು ನಳಿಗೆಯಲ್ಲಿ ನೀರು ಹಿಡಿದು, ಮಾತ್ರೆ ಹಾಕಿ, ಅಲ್ಲಾಡಿಸಿ, ಬೆಳಕಿಗೆ ಎತ್ತಿದ. ನೀರು ತಿಳಿಯಾಗಿಯೇ ಉಳಿಯಿತು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಅದನ್ನು ನೋಡಿ, “ಇವತ್ತು ಎಷ್ಟು ಚೆನ್ನಾಗಿದೆ ನೋಡಿ” ಎಂದು ಕೊಡ ಇಟ್ಟರು. “ಕುದಿಸದೆ ಕುಡಿಯಬೇಡಿ ಅಮ್ಮ” ಎಂದೆ.

“ಅವರು ಹಾಗೇ ಕುಡಿದರಲ್ಲ, ಪೇಪರಿನಲ್ಲಿ ಬಂದಿದೆ” ಎಂದರು.